ನಿಮ್ಮೂರಿನ ಕೆರೆಗೆ ಎಷ್ಟು ನೀರು ಬರುತ್ತದೆ? ಕ್ಯೂಜಿಐಎಸ್‌ನಲ್ಲಿ ಲೆಕ್ಕ ಹಾಕುವ ಬಗೆ

ಹೂಳೆತ್ತಲು ಜೆಸಿಬಿ ಬರುವ ಮೊದಲೇ ಊರವರು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಕೆರೆಗೆ ವರ್ಷಕ್ಕೆ ಎಷ್ಟು ನೀರು ಬರುತ್ತದೆ? ಬರುವ ನೀರೇ ಕಡಿಮೆಯಾಗಿದ್ದರೆ ಎಷ್ಟು ಆಳ ತೋಡಿದರೂ ಗುಂಡಿ ದೊಡ್ಡದಾಗುತ್ತದೆ ಅಷ್ಟೇ, ನೀರು ಜಾಸ್ತಿಯಾಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಕೆರೆ ಎಂದರೆ ಒಂಟಿ ಗುಂಡಿಯಲ್ಲ. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆಗೆ ಬರುವ ಸರಪಳಿ ಅದು. ಆ ಸರಪಳಿಯಲ್ಲಿ ನೀರು ಎಲ್ಲಿ ಹುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎನ್ನುವುದನ್ನು ಒಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಅಂದಾಜು ಮಾಡಬಹುದು. ಸಾಫ್ಟ್‌ವೇರ್ ಉಚಿತ, ಡೇಟಾ ಉಚಿತ. ಬೇಕಾಗಿರುವುದು ತಾಳ್ಮೆ, ಜೊತೆಗೆ ಕೆರೆಯ ಮೇಲ್ಭಾಗದಲ್ಲಿ ಒಂದೆರಡು ಸಲ ಓಡಾಡುವ ಮನಸ್ಸು.

ನಾನಿಲ್ಲಿ ಹೇಳುವ ದಾರಿ ಕೋಲಾರದ ಕಡೆಯ ಒಂದು ಸಾಧಾರಣ ಊರ ಕೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಲೆಕ್ಕಕ್ಕೆ ಸುಲಭವಾಗಲಿ ಎಂದು 6 ಚದರ ಕಿ.ಮೀ. ಜಲಾನಯನ ಪ್ರದೇಶ (ಮಳೆ ನೀರು ಕೆರೆಯ ಕಡೆಗೆ ಹರಿದು ಬರುವ ನೆಲ), 30 ಹೆಕ್ಟೇರ್ ನೀರು ಹರಡುವ ಜಾಗ ಇರುವ ಕೆರೆ ಎಂದಿಟ್ಟುಕೊಳ್ಳೋಣ. ನಿಮ್ಮ ಕೆರೆಯ ಅಂಕಿಗಳನ್ನು ಅದರ ಜಾಗಕ್ಕೆ ಹಾಕಿಕೊಳ್ಳಿ.

ಏನೇನು ಬೇಕು

ಮೊದಲು ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಹೊಸ ಆವೃತ್ತಿಗಿಂತ 'ಲಾಂಗ್ ಟರ್ಮ್ ರಿಲೀಸ್' ಎಂದು ಕೊಡುವ ಆವೃತ್ತಿಯೇ ಒಳ್ಳೆಯದು, ಕಾಟ ಕಡಿಮೆ. ಅದರ ಜೊತೆಗೇ ಗ್ರಾಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬರುತ್ತದೆ. ಪ್ಲಗಿನ್ ಪಟ್ಟಿಗೆ ಹೋಗಿ ಅದನ್ನು ಆನ್ ಮಾಡಿ. ನೀರಿನ ದಾರಿ ಹುಡುಕುವ ಕೆಲಸ ಮಾಡುವುದು ಅದೇ.

ಎರಡನೆಯದು ಎತ್ತರದ ಡೇಟಾ, ಅಂದರೆ ಡಿಇಎಂ. ನೆಲವನ್ನು 30 ಮೀಟರ್ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದು ಎತ್ತರ ಕೊಟ್ಟಿರುವ ಫೈಲ್ ಇದು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಅಳೆದ ಎಸ್‌ಆರ್‌ಟಿಎಂ, ಯುರೋಪಿನ ಕೊಪರ್ನಿಕಸ್ ಡಿಇಎಂ, ನಮ್ಮ ಇಸ್ರೋದ ಕಾರ್ಟೊಸ್ಯಾಟ್-1 ಉಪಗ್ರಹದಿಂದ ಬಂದ ಕಾರ್ಟೊಡಿಇಎಂ, ಈ ಮೂರೂ ಸಿಗುತ್ತವೆ. ಕಾರ್ಟೊಡಿಇಎಂ ಭುವನ್ ಪೋರ್ಟಲ್‌ನಲ್ಲಿದೆ. ಉಳಿದೆರಡು ಓಪನ್‌ಟೊಪೊಗ್ರಫಿ ತಾಣದಲ್ಲಿ ಸಿಗುತ್ತವೆ. ಸಾಧ್ಯವಾದರೆ ಎರಡನ್ನು ಇಳಿಸಿಕೊಂಡು ಎರಡರಲ್ಲೂ ಗಡಿ ಹುಡುಕಿ. ಒಂದೇ ಗಡಿ ಬಂದರೆ ನೆಮ್ಮದಿ. ಬೇರೆ ಬಂದರೆ ಆ ಜಾಗಕ್ಕೆ ನಡೆದೇ ಹೋಗಬೇಕು ಎಂದರ್ಥ.

ಮೂರನೆಯದು ಭೂಬಳಕೆಯ ನಕ್ಷೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ 10 ಮೀಟರ್ ವಿವರದಲ್ಲಿ ಸಿಗುತ್ತದೆ, 2020 ಮತ್ತು 2021ರ ಆವೃತ್ತಿಗಳಿವೆ. ನಾಲ್ಕನೆಯದು ಮಣ್ಣಿನ ನಕ್ಷೆ. ಹೈಸಾಗ್ಸ್ ಎಂಬ 250 ಮೀಟರ್ ಜಾಗತಿಕ ನಕ್ಷೆ ಮಣ್ಣನ್ನು ನೀರು ಇಂಗುವ ಗುಣದ ಮೇಲೆ ಎ, ಬಿ, ಸಿ, ಡಿ ಎಂದು ವಿಂಗಡಿಸಿದೆ. ಎ ಎಂದರೆ ಮರಳು ಜಾಸ್ತಿ, ನೀರು ಬೇಗ ಇಂಗುತ್ತದೆ. ಡಿ ಎಂದರೆ ಜೇಡಿ, ನೀರು ಮೇಲೆಯೇ ಹರಿಯುತ್ತದೆ.

ಐದನೆಯದು ಮಳೆಯ ದಿನವಹಿ ಲೆಕ್ಕ. ಹವಾಮಾನ ಇಲಾಖೆಯ ಚೌಕುಳಿ ಮಳೆ ಡೇಟಾ ಇದೆ, ಆದರೆ ಅದರ ಒಂದೊಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿ.ಮೀ. ಅಗಲ. ನಮ್ಮ ಕಡೆಯ ಗುಡುಗು ಮಳೆ ಒಂದೂರಿಗೆ ಹುಯ್ದು ಪಕ್ಕದೂರಿಗೆ ಹನಿಯೂ ಬೀಳದೆ ಹೋಗುವಂಥದ್ದು. ಆದ್ದರಿಂದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳ ಲೆಕ್ಕ ಸಿಕ್ಕರೆ ಅದನ್ನೇ ಹಿಡಿಯಿರಿ. ಒಂದು ಎಚ್ಚರಿಕೆ: ಮಳೆಯ ದಿನ ಬೆಳಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಗೆ. ಹತ್ತನೇ ತಾರೀಖು ಸಂಜೆ ಸುರಿದ ಮಳೆ ಹನ್ನೊಂದನೇ ತಾರೀಖಿನ ಖಾತೆಗೆ ಹೋಗುತ್ತದೆ. ಊರವರ ನೆನಪಿಗೂ ಪಟ್ಟಿಗೂ ಒಂದು ದಿನದ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ.

ಎಲ್ಲವನ್ನೂ ಮೀಟರಿಗೆ ತನ್ನಿ

ಇಳಿಸಿಕೊಂಡ ಫೈಲ್‌ಗಳು ಬಹುಪಾಲು ಡಿಗ್ರಿ ಲೆಕ್ಕದಲ್ಲಿರುತ್ತವೆ. ಡಿಗ್ರಿಯಲ್ಲಿ ವಿಸ್ತೀರ್ಣ ಅಳೆಯಲಾಗದು. ರಾಸ್ಟರ್ ಮೆನುವಿನ ವಾರ್ಪ್ ಉಪಕರಣದಿಂದ ಭೂಮಿಯನ್ನು ವಲಯಗಳಾಗಿ ವಿಂಗಡಿಸಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಗೆ ಬದಲಿಸಿ. ಕರ್ನಾಟಕದ ಬಹುಭಾಗಕ್ಕೆ ವಲಯ 43, ಸಾಫ್ಟ್‌ವೇರ್‌ನಲ್ಲಿ ಆರಿಸುವ ಇಪಿಎಸ್‌ಜಿ ಸಂಖ್ಯೆ 32643. ಆದರೆ 78 ಡಿಗ್ರಿ ರೇಖಾಂಶ ದಾಟಿದರೆ ವಲಯ 44, ಸಂಖ್ಯೆ 32644. ಮಾಲೂರು ಈಚೆಗಿದೆ, ಕೋಲಾರ ಮತ್ತು ಮುಳಬಾಗಿಲು ಆಚೆಗಿವೆ. ಗಡಿಯಲ್ಲಿರುವ ಕೆರೆಗೆ ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದರಲ್ಲೇ ಇರಿ. ಬೆರೆಸಬೇಡಿ.

ಈ ಹಂತದಲ್ಲಿ ಒಂದು ಸಣ್ಣ ಆಯ್ಕೆ ದೊಡ್ಡ ತಪ್ಪಿಗೆ ದಾರಿ ಮಾಡುತ್ತದೆ. ಎತ್ತರದ ಡೇಟಾ ಬದಲಿಸುವಾಗ ಬೈಲೀನಿಯರ್ ಆರಿಸಿ, ಅದು ಅಕ್ಕಪಕ್ಕದ ಚೌಕಗಳ ಸರಾಸರಿ ತೆಗೆಯುತ್ತದೆ. ಭೂಬಳಕೆ ಮತ್ತು ಮಣ್ಣಿನ ನಕ್ಷೆಗೆ ನಿಯರೆಸ್ಟ್ ನೇಬರ್ ಮಾತ್ರ, ಅದು ಹತ್ತಿರದ ಚೌಕದ ಸಂಖ್ಯೆಯನ್ನೇ ಉಳಿಸುತ್ತದೆ. ವರ್ಲ್ಡ್‌ಕವರ್‌ನಲ್ಲಿ 40 ಎಂದರೆ ಹೊಲ, 60 ಎಂದರೆ ಬರಡು ನೆಲ. ಇವೆರಡರ ನಡುವೆ ಸರಾಸರಿ ತೆಗೆದರೆ 50 ಬರುತ್ತದೆ. 50 ಎಂದರೆ ಕಟ್ಟಡ! ಹೊಲದ ಅಂಚಿನಲ್ಲೆಲ್ಲ ಇಲ್ಲದ ಮನೆಗಳು ಎದ್ದು ನಿಲ್ಲುತ್ತವೆ. ಮೂರೂ ನಕ್ಷೆಗಳನ್ನು ಒಂದೇ ಅಳತೆಯ 30 ಮೀಟರ್ ಚೌಕಕ್ಕೆ ತಂದುಕೊಂಡರೆ ಮುಂದಿನ ಕೆಲಸ ಸಲೀಸು.

ಜಲಾನಯನದ ಗಡಿ ಹುಡುಕುವುದು

ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ಆತುರ ಬೇಡ.

ಗ್ರಾಸ್‌ನ ಆರ್.ವಾಟರ್‌ಶೆಡ್ ಉಪಕರಣ ತೆರೆಯಿರಿ. ಡಿಇಎಂ ಕೊಡಿ. 'ಮಿನಿಮಮ್ ಸೈಜ್' ಎಂದು ಕೇಳುವಲ್ಲಿ ಚೌಕಗಳ ಸಂಖ್ಯೆ ಕೊಡಬೇಕು. 30 ಮೀಟರ್ ಚೌಕವೆಂದರೆ 900 ಚದರ ಮೀಟರ್, ಹಾಗಾಗಿ ಒಂದು ಚದರ ಕಿ.ಮೀ.ಗೆ ಸುಮಾರು 1,111 ಚೌಕ. ಸಣ್ಣ ಹಳ್ಳಗಳೂ ಕಾಣಬೇಕಾದರೆ 200 ಅಥವಾ 300 ಕೊಟ್ಟು ನೋಡಿ. ಬರುವ ಫಲಿತಾಂಶಗಳಲ್ಲಿ ಎರಡು ನಮಗೆ ಮುಖ್ಯ. ಒಂದು ಹರಿವಿನ ದಿಕ್ಕು. ಇನ್ನೊಂದು ಹರಿವಿನ ಕೂಡಿಕೆ, ಅಂದರೆ ಪ್ರತಿ ಚೌಕಕ್ಕೂ ಮೇಲಿನಿಂದ ಎಷ್ಟು ಚೌಕಗಳ ನೀರು ಬರುತ್ತದೆ ಎನ್ನುವ ಎಣಿಕೆ.

ಕೂಡಿಕೆಯ ನಕ್ಷೆಯಲ್ಲಿ ನಿಮ್ಮ ಕೆರೆಯ ಏರಿಯ ಹತ್ತಿರ ಹೋಗಿ ಅಂಕಿ ನೋಡಿ. ಅದು ಋಣ ಸಂಖ್ಯೆಯಾಗಿದ್ದರೆ ನಿಲ್ಲಿಸಿ. ನೀವು ಕತ್ತರಿಸಿಕೊಂಡ ಡಿಇಎಂನ ಹೊರಗಿನಿಂದಲೂ ನೀರು ಬರುತ್ತಿರಬಹುದು ಎಂದು ಸಾಫ್ಟ್‌ವೇರ್ ಹೇಳುವ ರೀತಿ ಅದು. ಇನ್ನೂ ದೊಡ್ಡ ಪ್ರದೇಶ ಇಳಿಸಿಕೊಂಡು ಮತ್ತೆ ಓಡಿಸಿ. ಈ ಋಣ ಚಿಹ್ನೆಯನ್ನು ಗಮನಿಸದೆ ಹೋದರೆ ಅರ್ಧ ಜಲಾನಯನವೇ ಬಿಟ್ಟುಹೋಗುತ್ತದೆ.

ಅಂಕಿ ಧನವಾಗಿದ್ದರೆ, ಏರಿಯ ಹತ್ತಿರ ಅತಿ ಹೆಚ್ಚು ಕೂಡಿಕೆ ಇರುವ ಚೌಕವನ್ನು ಗುರುತಿಸಿ. ಆರ್.ವಾಟರ್.ಔಟ್‌ಲೆಟ್ ಉಪಕರಣಕ್ಕೆ ಹರಿವಿನ ದಿಕ್ಕಿನ ನಕ್ಷೆಯನ್ನೂ ಆ ಚೌಕದ ಜಾಗವನ್ನೂ ಕೊಡಿ. ಒಂದೇ ಚೌಕ ಪಕ್ಕಕ್ಕೆ ಕ್ಲಿಕ್ ಮಾಡಿದರೂ ಪುಟ್ಟ ತುಂಡು ಗಡಿ ಬರುತ್ತದೆ, ಹಳ್ಳದ ಮೇಲೆಯೇ ಕ್ಲಿಕ್ ಆಗಬೇಕು. ಬಂದ ರಾಸ್ಟರನ್ನು, ಅಂದರೆ ಚೌಕಗಳ ನಕ್ಷೆಯನ್ನು, ಪಾಲಿಗನೈಜ್ ಮಾಡಿ (ಗಡಿಗೆರೆಯಾಗಿ ಬದಲಿಸಿ) ವಿಸ್ತೀರ್ಣ ತೆಗೆಯಿರಿ. ಕೂಡಿಕೆಯ ಅಂಕಿಯನ್ನು 0.0009ರಿಂದ ಗುಣಿಸಿದರೂ ಹೆಚ್ಚುಕಡಿಮೆ ಅದೇ ಚದರ ಕಿ.ಮೀ. ಬರಬೇಕು. ನಮ್ಮ ಉದಾಹರಣೆಯಲ್ಲಿ ಸುಮಾರು 6,670 ಚೌಕ, 6 ಚದರ ಕಿ.ಮೀ.

ಈಗ ಅನುಮಾನ ಪಡುವ ಸಮಯ. 30 ಮೀಟರ್ ಡಿಇಎಂಗೆ ರಸ್ತೆ ಕೆಳಗಿನ ಮೋರಿ ಕಾಣುವುದಿಲ್ಲ. ಎತ್ತರದ ರಸ್ತೆ ಕಂಡರೆ ನೀರು ಅಲ್ಲೇ ತಿರುಗಿತು ಎಂದುಕೊಳ್ಳುತ್ತದೆ. ಕೊಪರ್ನಿಕಸ್ ಡಿಇಎಂನಲ್ಲಿ ಮರಗಳ ತಲೆಯೂ ಎತ್ತರದ ಲೆಕ್ಕಕ್ಕೆ ಸೇರಿರುತ್ತದೆ, ಹಾಗಾಗಿ ಹಳ್ಳಕ್ಕೆ ಅಡ್ಡಲಾಗಿ ದಟ್ಟ ನೀಲಗಿರಿ ತೋಪಿದ್ದರೆ ಅಲ್ಲೊಂದು ದಿಬ್ಬ ಇದ್ದ ಹಾಗೆ ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಹಳೆಯವರು ತೋಡಿದ ಪೋಷಕ ಕಾಲುವೆಗಳು. ಪಕ್ಕದ ಕಣಿವೆಯ ನೀರನ್ನು ಇಳಿಜಾರಿಗೆ ಅಡ್ಡವಾಗಿ ಎಳೆದು ಕೆರೆಗೆ ತಂದಿರುತ್ತಾರೆ. ಮೀಟರ್ ಅಗಲದ ಆ ಕಾಲುವೆ ಯಾವ ಉಪಗ್ರಹ ಡಿಇಎಂನಲ್ಲೂ ಇಲ್ಲ.

ಆದ್ದರಿಂದ ಗಡಿಯನ್ನು ಫೋನಿಗೆ ಹಾಕಿಕೊಂಡು ನಡೆಯಿರಿ. ಕ್ಯೂಫೀಲ್ಡ್ ಆ್ಯಪ್‌ನಲ್ಲಿ ಕ್ಯೂಜಿಐಎಸ್ ನಕ್ಷೆಯನ್ನೇ ತೆರೆಯಬಹುದು. ಸರ್ವೆ ಆಫ್ ಇಂಡಿಯಾದ 1:50,000 ಟೊಪೊಶೀಟ್ ಜೊತೆಗಿರಲಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಸಾಧ್ಯವಾದರೆ ಕೆರೆ ನೀರು ಹಂಚುವ ನೀರುಗಂಟಿ ಕೆಲಸ ಮಾಡಿದ ಮನೆತನದ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. "ಈ ಕಾಲುವೆ ನೀರು ಮೊದಲು ಎಲ್ಲಿಗೆ ಬರ್ತಿತ್ತು ತಾತ?" ಎಂದು ಕೇಳಿದರೆ ಯಾವ ಡೇಟಾದಲ್ಲೂ ಇಲ್ಲದ ಉತ್ತರ ಸಿಗುತ್ತದೆ. ಕಾಲುವೆ ಇನ್ನೂ ಹರಿಯುತ್ತಿದ್ದರೆ ಅದನ್ನು ಗೆರೆಯಾಗಿ ಎಳೆದು, ರಾಸ್ಟರ್ ಮಾಡಿ, ಅದರ ಉದ್ದಕ್ಕೂ ಡಿಇಎಂನ ಎತ್ತರವನ್ನು ಐದು ಮೀಟರ್ ಇಳಿಸಿ ಮತ್ತೆ ಆರ್.ವಾಟರ್‌ಶೆಡ್ ಓಡಿಸಿ. ಮೋರಿಗಳಿಗೂ ಇದೇ ಉಪಾಯ. ಮುಚ್ಚಿಹೋಗಿದ್ದರೆ ಕಾಲುವೆ ಇದ್ದ ಹಾಗೆ ಒಂದು ಗಡಿ, ಇಲ್ಲದ ಹಾಗೆ ಒಂದು ಗಡಿ ಎರಡನ್ನೂ ಇಟ್ಟುಕೊಳ್ಳಿ. ಆ ಎರಡರ ನಡುವಿನ ಜಾಗವೇ ಊರು ಕಳೆದುಕೊಂಡ ನೀರಿನ ನೆಲ.

ಮೇಲಿನ ಕೆರೆಗಳನ್ನು ಮರೆಯಬೇಡಿ

6 ಚದರ ಕಿ.ಮೀ. ನೀರೆಲ್ಲ ನಿಮ್ಮ ಕೆರೆಗೇ ಬರುವುದಿಲ್ಲ. ಮೇಲೆ ಇನ್ನೊಂದು ಕೆರೆ ಇದ್ದರೆ ಅದು ತುಂಬಿ ಕೋಡಿ ಬೀಳುವವರೆಗೂ ಕೆಳಗೆ ಹನಿಯೂ ಬಿಡುವುದಿಲ್ಲ. ನೀರಾವರಿ ಎಂಜಿನಿಯರ್‌ಗಳು ಒಟ್ಟು ಜಲಾನಯನ, ಸ್ವತಂತ್ರ ಜಲಾನಯನ ಎಂದು ಬೇರೆ ಬೇರೆ ಬರೆಯುವುದು ಇದಕ್ಕೇ. ಮೇಲಿನ ಪ್ರತಿ ಕೆರೆಗೂ ಇದೇ ರೀತಿ ಗಡಿ ಎಳೆದು ಕಳೆಯಿರಿ. ಡಿಫರೆನ್ಸ್ ಉಪಕರಣದಿಂದ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ 4 ಚದರ ಕಿ.ಮೀ. ಮೇಲಿನ ಕೆರೆಯದ್ದು, 2 ಮಾತ್ರ ಸ್ವತಂತ್ರ ಎಂದಿಟ್ಟುಕೊಳ್ಳಿ. ಕೃಷಿ ಹೊಂಡ, ಕುಂಟೆ, ಚೆಕ್ ಡ್ಯಾಂಗಳನ್ನೂ ಉಪಗ್ರಹ ಚಿತ್ರ ನೋಡಿ ಗುರುತು ಹಾಕಿಕೊಳ್ಳಿ. ಒಂದೊಂದೂ ಚಿಕ್ಕದು, ಸೇರಿದರೆ ಚಿಕ್ಕದಲ್ಲ.

ಕೋಲಾರದವರು ಇನ್ನೊಂದನ್ನು ನೋಡಬೇಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ಅನೇಕ ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆ ತುಂಬಿದ್ದನ್ನು ಮಳೆಯ ಲೆಕ್ಕಕ್ಕೆ ಸೇರಿಸಿದರೆ ಎಲ್ಲವೂ ತಲೆಕೆಳಗಾಗುತ್ತದೆ. ಅದಕ್ಕೆ ಬೇರೆ ಕಾಲಂ ಇಡಿ.

ನೆಲಕ್ಕೊಂದು ಅಂಕ: ಕರ್ವ್ ನಂಬರ್

ಬಿದ್ದ ಮಳೆಯಲ್ಲಿ ಎಷ್ಟು ಹರಿಯುತ್ತದೆ ಎಂದು ಹೇಳಲು ಹಲವು ವಿಧಾನಗಳಿವೆ. 1892ರಲ್ಲಿ ಸ್ಟ್ರೇಂಜ್ ಎಂಬ ಎಂಜಿನಿಯರ್ ಇಂದಿನ ಮಹಾರಾಷ್ಟ್ರ–ಕರ್ನಾಟಕ ಗಡಿ ಸೀಮೆಯ ಮಳೆ ಮತ್ತು ಹರಿವನ್ನು ನೋಡಿ ಒಂದು ಕೋಷ್ಟಕ ಮಾಡಿದ. ಜಲಾನಯನ ಒಳ್ಳೆಯದೋ, ಸಾಧಾರಣವೋ, ಕೆಟ್ಟದ್ದೋ ಎಂದು ನೋಡಿ ಇಳುವರಿ ಓದುವ ಕೋಷ್ಟಕ ಅದು. ನೀರಾವರಿ ಪಠ್ಯಪುಸ್ತಕಗಳಲ್ಲಿ ಇಂದಿಗೂ ಇದೆ, ನಿಮ್ಮ ಲೆಕ್ಕ ಮುಗಿದ ಮೇಲೆ ತಾಳೆ ನೋಡಲು ಒಳ್ಳೆಯದು. ಆದರೆ ಜಿಐಎಸ್ (ಕಂಪ್ಯೂಟರ್ ನಕ್ಷೆ) ಜೊತೆಗೆ ಸಲೀಸಾಗಿ ಕೂಡಿಕೊಳ್ಳುವುದು ಕರ್ವ್ ನಂಬರ್ ವಿಧಾನ. 1950ರ ದಶಕದಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಸೇವೆ ರೂಪಿಸಿದ್ದು. ಭಾರತಕ್ಕೆ ಹೊಂದಿಸಿದ ಅಂಕಗಳೂ ಇವೆ.

ಮಣ್ಣು ಮತ್ತು ಭೂಬಳಕೆ ಸೇರಿ ಪ್ರತಿ ಚೌಕಕ್ಕೂ 100ರೊಳಗಿನ ಒಂದು ಅಂಕ ಸಿಗುತ್ತದೆ. ಅಂಕ ಹೆಚ್ಚಾದಷ್ಟೂ ಹರಿವು ಹೆಚ್ಚು. ಭಾರತದ ಕೋಷ್ಟಕದಲ್ಲಿ ಸಿ ಗುಂಪಿನ ಮಣ್ಣಿಗೆ ದಟ್ಟ ಕಾಡು 58, ಕುರುಚಲು ಕಾಡು 64, ಚೆನ್ನಾಗಿ ಬದು ಹಾಕಿದ ಹೊಲ 76, ಬದು ಸರಿಯಿಲ್ಲದ ಹೊಲ 81, ಬದುವಿಲ್ಲದೆ ನೇರ ಸಾಲು ಉತ್ತ ಹೊಲ 90, ಬಂಜರು 85.

ನಕ್ಷೆ ಮಾಡುವುದು ಹೀಗೆ. ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಭೂಬಳಕೆಯ ಸಂಖ್ಯೆಯನ್ನು 100ರಿಂದ ಗುಣಿಸಿ ಮಣ್ಣಿನ ಸಂಖ್ಯೆ ಕೂಡಿ. ಹೊಲ 40, ಸಿ ಮಣ್ಣು 3 ಆದರೆ 4003. ಗುಣಿಸದೆ ಸುಮ್ನೆ ಕೂಡಿದರೆ ಎಡವಟ್ಟು: ಹೈಸಾಗ್ಸ್‌ನಲ್ಲಿ ಎ ಮತ್ತು ಡಿ ಎರಡೂ ಗುಣವಿರುವ ಮಣ್ಣಿಗೆ 11 ಎಂಬ ಸಂಖ್ಯೆ ಇದೆ. 40 ಕೂಡಿಸು 11 ಅಂದರೆ 51. ಕಟ್ಟಡದ 50ಕ್ಕೆ ಎ ಮಣ್ಣಿನ 1 ಕೂಡಿದರೂ 51. ಹೊಲ ಯಾವುದು, ಊರು ಯಾವುದು ಗೊತ್ತಾಗುವುದಿಲ್ಲ. ಆಮೇಲೆ ರೀಕ್ಲಾಸಿಫೈ ಬೈ ಟೇಬಲ್ ಉಪಕರಣದಲ್ಲಿ 4003ಕ್ಕೆ 76 ಅಥವಾ 81, ಹೀಗೆ ಒಂದೊಂದಕ್ಕೂ ಅಂಕ ಕೊಡಿ.

76 ಕೊಡಬೇಕೋ 81 ಕೊಡಬೇಕೋ, ಅಥವಾ 90? ಇದನ್ನು ಉಪಗ್ರಹ ಹೇಳುವುದಿಲ್ಲ. ಹೊಲಕ್ಕೆ ಹೋಗಿ ಬದು ಇದೆಯಾ, ಒಡೆದಿದೆಯಾ ನೋಡಬೇಕು. ನೀಲಗಿರಿ ತೋಪಿನ ವಿಷಯವೂ ಹಾಗೆಯೇ. ವರ್ಲ್ಡ್‌ಕವರ್ ಅದನ್ನು 'ಮರ' ಎಂದು ಬರೆದಿರುತ್ತದೆ. ಅದಕ್ಕೆ ದಟ್ಟ ಕಾಡಿನ 58 ಕೊಟ್ಟರೆ, ಗಿಡಗಂಟಿ, ತರಗು, ಗೆದ್ದಲು ಹುತ್ತ ಎಲ್ಲ ಇರುವ ಕಾಡಿಗೂ ಸಾಲು ಸಾಲು ನೆಟ್ಟು ಕಡಿಯುವ ತೋಪಿಗೂ ವ್ಯತ್ಯಾಸವೇ ಇಲ್ಲ ಎಂದಂತೆ. ತೋಪಿನ ಕೆಳಗೆ ನೆಲ ಹೇಗಿದೆ ನೋಡಿ ಅಂಕ ಕೊಡಿ.

ಮಳೆಯಿಂದ ಹರಿವಿಗೆ

ಮೊದಲು ನೆಲ ಹಿಡಿದಿಡಬಲ್ಲ ನೀರು, ಮಿ.ಮೀ. ಲೆಕ್ಕದಲ್ಲಿ:

ಹಿಡಿತ = 25400 ÷ ಕರ್ವ್ ನಂಬರ್ − 254

ನಂತರ ಹರಿವು. ನಮ್ಮ ಕೆಂಪು ಮಣ್ಣಿಗೆ ಭಾರತದಲ್ಲಿ ಬಳಸುವ ಸೂತ್ರ:

ಹರಿವು = (ಮಳೆ − 0.3 × ಹಿಡಿತ)² ÷ (ಮಳೆ + 0.7 × ಹಿಡಿತ)

ಮಳೆ 0.3 ಪಾಲು ಹಿಡಿತಕ್ಕಿಂತ ಕಡಿಮೆ ಇದ್ದರೆ ಹರಿವು ಸೊನ್ನೆ. ಈ ಷರತ್ತನ್ನು ಸೂತ್ರದ ಜೊತೆಗೇ ಬರೆಯಬೇಕು. ಇಲ್ಲದಿದ್ದರೆ ವರ್ಗ ಮಾಡಿದಾಗ ಋಣ ಸಂಖ್ಯೆ ಧನವಾಗಿ, ಸಣ್ಣ ಮಳೆಗೂ ನೀರು ಹರಿದಂತೆ ತೋರುತ್ತದೆ. ವಿಜಯಪುರ, ಕಲಬುರಗಿಯ ಎರೆ ಭೂಮಿಗೆ ನೆಲ ಹಸಿಯಾಗಿರುವಾಗ 0.3ರ ಜಾಗದಲ್ಲಿ 0.1, 0.7ರ ಜಾಗದಲ್ಲಿ 0.9 ಹಾಕುತ್ತಾರೆ. ಪ್ಲಗಿನ್‌ಗಳು, ವಿದೇಶಿ ಪಾಠಗಳು 0.2 ಬಳಸಿರುತ್ತವೆ. ಕಣ್ಣು ಮುಚ್ಚಿ ಒಪ್ಪಬೇಡಿ. ಕರ್ವ್ ನಂಬರ್ 80, ಮಳೆ 60 ಮಿ.ಮೀ. ಇದ್ದಾಗ 0.3ರಲ್ಲಿ ಹರಿವು 16 ಮಿ.ಮೀ., 0.2ರಲ್ಲಿ 20 ಮಿ.ಮೀ.

ಇದೇ ಅಂಕ 80ರ ನೆಲದಲ್ಲಿ ಇನ್ನೊಂದು ಲೆಕ್ಕ ಮಾಡಿ ನೋಡಿ. 60 ಮಿ.ಮೀ. ಒಂದೇ ದಿನ ಸುರಿದರೆ 16 ಮಿ.ಮೀ. ಹರಿಯುತ್ತದೆ. 30ರಂತೆ ಎರಡು ಬೇರೆ ಬೇರೆ ದಿನ ಬಂದರೆ ಎರಡೂ ಸೇರಿ ಮೂರು ಮಿ.ಮೀ. ಚಿಲ್ಲರೆ. 20ರಂತೆ ಮೂರು ಸಲ ಬಂದರೆ ಹೆಚ್ಚುಕಡಿಮೆ ಏನೂ ಇಲ್ಲ. ವಾರ್ಷಿಕ ಮಳೆ ಸರಾಸರಿಯಷ್ಟೇ ಆಗಿದ್ದರೂ ಕೆರೆ ಖಾಲಿ ಯಾಕೆ ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ. ವರ್ಷದ ಒಟ್ಟು ಮಳೆಯನ್ನು ಹಿಡಿದು ಲೆಕ್ಕ ಮಾಡುವವರ ಮಾತು ನಂಬಬೇಡಿ. ದಿನವಹಿ ಲೆಕ್ಕವೇ ಬೇಕು.

ನೆಲ ಹಿಂದಿನ ಐದು ದಿನ ಎಷ್ಟು ನೆನೆದಿದೆ ಎನ್ನುವುದೂ ಸೇರಬೇಕು. ಬೆಳೆ ಕಾಲದಲ್ಲಿ ಐದು ದಿನಕ್ಕೆ 36 ಮಿ.ಮೀ.ಗಿಂತ ಕಡಿಮೆ ಬಂದಿದ್ದರೆ ಒಣ ನೆಲ, 53ಕ್ಕಿಂತ ಹೆಚ್ಚಿದ್ದರೆ ತೊಯ್ದ ನೆಲ. ಅಂಕ 80 ಇರುವ ಹೊಲ ಒಣಗಿದ್ದಾಗ 64ರಂತೆ, ತೊಯ್ದಾಗ 90ರಂತೆ ನಡೆದುಕೊಳ್ಳುತ್ತದೆ. ಅದೇ 60 ಮಿ.ಮೀ. ಮಳೆಗೆ ಒಣ ನೆಲದಲ್ಲಿ ಹರಿವು ಎರಡು ಮಿ.ಮೀ.ಯನ್ನೂ ಮುಟ್ಟುವುದಿಲ್ಲ, ತೊಯ್ದ ನೆಲದಲ್ಲಿ 33 ದಾಟುತ್ತದೆ. ಮೇ ತಿಂಗಳ ಜೋರು ಮಳೆಗೆ ತುಂಬದ ಕೆರೆ ಅಕ್ಟೋಬರಿನ ಜಡಿಮಳೆಗೆ ತುಂಬುವುದು ಇದಕ್ಕೇ.

ಇಡೀ ಜಲಾನಯನಕ್ಕೆ ಕರ್ವ್ ನಂಬರ್ ಸರಾಸರಿ ತೆಗೆಯುವ ಅಭ್ಯಾಸ ಇದೆ. ನನ್ನ ಮಾತು ಕೇಳಿ, ತೆಗೆಯಬೇಡಿ. ಅರ್ಧ ನೆಲ 90, ಅರ್ಧ 70 ಇದ್ದರೆ ಸರಾಸರಿ 80. 30 ಮಿ.ಮೀ. ಮಳೆಗೆ 80ರ ಲೆಕ್ಕದಲ್ಲಿ ಹರಿವು 1.6 ಮಿ.ಮೀ. ಬೇರೆ ಬೇರೆಯಾಗಿ ಲೆಕ್ಕ ಮಾಡಿ ಕೂಡಿದರೆ 4.7. ಕಲ್ಲುಬಂಡೆಯ ಗುಡ್ಡ, ಊರಿನ ರಸ್ತೆ, ಗಟ್ಟಿ ನೆಲ ಇವು ಸಣ್ಣ ಮಳೆಗೂ ನೀರು ಕೊಡುತ್ತವೆ. ಸರಾಸರಿಯಲ್ಲಿ ಅವೆಲ್ಲ ಅಳಿಸಿಹೋಗುತ್ತವೆ.

ಹಾಗೆಂದು ವರ್ಷದ ಪ್ರತಿ ದಿನಕ್ಕೂ ರಾಸ್ಟರ್ ಕ್ಯಾಲ್ಕುಲೇಟರ್ ಓಡಿಸಬೇಕಿಲ್ಲ. 'ರಾಸ್ಟರ್ ಲೇಯರ್ ಯೂನಿಕ್ ವ್ಯಾಲ್ಯೂಸ್ ರಿಪೋರ್ಟ್' ಎಂಬ ಉಪಕರಣ ಯಾವ ಅಂಕದ ಚೌಕಗಳು ಎಷ್ಟಿವೆ ಎಂದು ಪಟ್ಟಿ ಕೊಡುತ್ತದೆ. ಹತ್ತು ಹನ್ನೆರಡು ಸಾಲು ಇರಬಹುದು. ಅದನ್ನು ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ಗೆ ಹಾಕಿ. ಅಡ್ಡಕ್ಕೆ ಕರ್ವ್ ನಂಬರ್‌ಗಳು, ಉದ್ದಕ್ಕೆ ಮಳೆ ಬಿದ್ದ ದಿನಗಳು. ಸೂತ್ರ ಒಂದು ಸಲ ಬರೆದು ಎಳೆದರೆ ಮುಗಿಯಿತು. ಮೇಲಿನ ಕೆರೆಯ ಜಾಗಕ್ಕೂ ಸ್ವತಂತ್ರ ಜಾಗಕ್ಕೂ ಬೇರೆ ಬೇರೆ ಹಾಳೆ ಮಾಡಿ.

ಒಂದು ಚದರ ಕಿ.ಮೀ. ಮೇಲೆ ಒಂದು ಮಿ.ಮೀ. ಎಂದರೆ 1,000 ಘನ ಮೀಟರ್. 6 ಚದರ ಕಿ.ಮೀ. ಮೇಲೆ 16 ಮಿ.ಮೀ. ಎಂದರೆ 96,000 ಘನ ಮೀಟರ್. ಇಲಾಖೆಯ ಕಾಗದಗಳಲ್ಲಿ ಎಂಸಿಎಫ್‌ಟಿ, ಅಂದರೆ ದಶಲಕ್ಷ ಘನ ಅಡಿ ಇರುತ್ತದೆ. ಒಂದು ಎಂಸಿಎಫ್‌ಟಿಗೆ 28,317 ಘನ ಮೀಟರ್. ಹಾಗಾಗಿ ಇದು ಸುಮಾರು 3.4 ಎಂಸಿಎಫ್‌ಟಿ. ಮೇಲಿನ ಕೆರೆ ಖಾಲಿಯಿದ್ದು ತನ್ನ ಪಾಲನ್ನೆಲ್ಲ ಹಿಡಿದುಕೊಂಡರೆ ನಿಮಗೆ ಬರುವುದು 32,000 ಘನ ಮೀಟರ್ ಮಾತ್ರ.

ಕೆರೆಯ ಜಮಾ ಖರ್ಚು

ಇಂದಿನ ನೀರು = ನಿನ್ನೆಯ ನೀರು + ಬಂದ ಹರಿವು + ಕೆರೆಯ ಮೇಲೇ ಬಿದ್ದ ಮಳೆ − ಆವಿ − ಇಂಗಿದ್ದು − ತೂಬಿನಲ್ಲಿ ಬಿಟ್ಟಿದ್ದು. ಸಾಮರ್ಥ್ಯ ಮೀರಿದ್ದು ಕೋಡಿಗೆ. ಆ ಕೋಡಿಯ ಕಾಲಂ ಮುಂದಿನ ಕೆರೆಯ ಜಮಾ ಕಾಲಂ ಆಗುತ್ತದೆ.

ಸಾಮರ್ಥ್ಯ ಎಲ್ಲಿಂದ ತರುವುದು? ಡಿಇಎಂನಿಂದ ಮಾತ್ರ ಬೇಡ. ಕೆರೆಯ ಆಳ ಮೂರೋ ನಾಲ್ಕೋ ಮೀಟರ್. ಉಪಗ್ರಹ ಡಿಇಎಂನ ತಪ್ಪೇ ಎಷ್ಟೋ ಕಡೆ ಅಷ್ಟಿರುತ್ತದೆ. ಅಳೆಯುವ ದಿನ ಕೆರೆಯಲ್ಲಿ ನೀರಿದ್ದರೆ ಅದಕ್ಕೆ ಕಂಡಿದ್ದು ನೀರಿನ ಮೇಲ್ಮೈ, ತಳವಲ್ಲ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿನ ಕೆರೆಗಳ ದಾಖಲೆ ಸಣ್ಣ ನೀರಾವರಿ ಇಲಾಖೆಯಲ್ಲಿ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಕಡೆ ಸಿಗುತ್ತವೆ. ಅದು ಕೆರೆ ಕಟ್ಟಿದಾಗಿನ ಸಾಮರ್ಥ್ಯ, ಹೂಳು ಕಳೆದಿರುವುದಿಲ್ಲ. ಒರಟು ಅಂದಾಜಿಗೆ ನೀರು ಹರಡುವ ಜಾಗ × ಅತಿ ಹೆಚ್ಚಿನ ಆಳ ÷ 3 ಸಾಕು. 30 ಹೆಕ್ಟೇರ್, 3 ಮೀಟರ್ ಆಳ ಎಂದರೆ 3 ಲಕ್ಷ ಘನ ಮೀಟರ್. ಮೇಲಿನ ಕೆರೆಗಳೂ ತುಂಬಿದ್ದರೆ 60 ಮಿ.ಮೀ.ಯ ಅಂಥ ಮೂರು ದೊಡ್ಡ ಮಳೆಗೆ ಭರ್ತಿ.

ಆವಿ ಸಣ್ಣದಲ್ಲ. ದಿನಕ್ಕೆ 5 ಮಿ.ಮೀ. ಹಿಡಿದರೂ ತುಂಬಿದ 30 ಹೆಕ್ಟೇರ್ ಕೆರೆಯಿಂದ ದಿನಕ್ಕೆ 1,500 ಘನ ಮೀಟರ್ ಹೋಗುತ್ತದೆ. ಇಂಗುವುದು ನಷ್ಟವಲ್ಲ. ಆ ನೀರು ಅಚ್ಚುಕಟ್ಟಿನ ಬಾವಿಗೆ, ಬೋರಿಗೆ ಹೋಗುತ್ತದೆ. ಅದಕ್ಕೆ ಬೇರೆ ಕಾಲಂ ಇಟ್ಟು ಗೌರವ ಕೊಡಿ.

ತಾಳೆ ನೋಡುವುದು

ಲೆಕ್ಕ ಮುಗಿಯಿತು ಎಂದುಕೊಳ್ಳುವ ಜಾಗದಲ್ಲೇ ಅಸಲಿ ಕೆಲಸ ಶುರು. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರಗಳು 2015ರಿಂದ ಇವೆ. ಹಸಿರು ಪಟ್ಟೆಯಿಂದ, ಅಂದರೆ ಬ್ಯಾಂಡ್ 3ರಿಂದ, ಸಮೀಪ ಅತಿಗೆಂಪಿನ ಬ್ಯಾಂಡ್ 8 ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಸೊನ್ನೆಗಿಂತ ಮೇಲೆ ಬಂದದ್ದು ಬಹುಪಾಲು ನೀರು. ಅಷ್ಟು ಚೌಕಗಳ ವಿಸ್ತೀರ್ಣವನ್ನು ನಿಮ್ಮ ಹಾಳೆ ಅದೇ ದಿನಕ್ಕೆ ಹೇಳುವ ನೀರಿನ ಜೊತೆ ಹೋಲಿಸಿ. ಮಳೆಗಾಲದಲ್ಲಿ ಮೋಡದ ಕಾಟ, ಹಾಗಾಗಿ ನವೆಂಬರ್ ಕೊನೆಯಿಂದ ಸಿಗುವ ಚಿತ್ರಗಳೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಮೋಡದೊಳಗೂ ನೋಡಬೇಕಾದರೆ ಸೆಂಟಿನೆಲ್-1 ರೇಡಾರ್ ಇದೆ. ನೀರಿನ ಮೇಲೆ ಅಂತರಗಂಗೆ ಹಬ್ಬಿದ್ದರೆ ಅಥವಾ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿದ್ದರೆ ಈ ಸೂತ್ರ ನೀರನ್ನು ಗಿಡ ಎನ್ನುತ್ತದೆ. ತುಂಬಿದ ಕೆರೆ ಅರ್ಧ ಕಾಣುತ್ತದೆ. ಫೋಟೊ ನೋಡಿ ಕೈಯಿಂದ ಗೆರೆ ಎಳೆಯುವುದೇ ಆಗ ವಾಸಿ.

ಹಳೆಯ ಕಾಲಕ್ಕೆ ಯುರೋಪಿನ ಜೆಆರ್‌ಸಿ ಸಂಸ್ಥೆಯ ಜಾಗತಿಕ ಮೇಲ್ಮೈ ನೀರಿನ ನಕ್ಷೆ ಇದೆ, 1984ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಕಂಡ ನೀರಿನ ದಾಖಲೆ. ನಿಮ್ಮ ಕೆರೆಯಲ್ಲಿ ನೀರು ಎಷ್ಟು ಸಲ ಕಂಡಿದೆ ಎಂದು ಅದು ಹೇಳುತ್ತದೆ.

ಊರವರ ನೆನಪೂ ದಾಖಲೆಯೇ. ಕೋಡಿ ಬಿದ್ದ ವರ್ಷವನ್ನು ಯಾರೂ ಮರೆಯುವುದಿಲ್ಲ, ತೆಪ್ಪೋತ್ಸವ ಮಾಡಿರುತ್ತಾರೆ, ಬಾಗಿನ ಬಿಟ್ಟಿರುತ್ತಾರೆ. 2021ರ ನವೆಂಬರಿನ ಮಳೆಗೆ ಕೋಲಾರ ಜಿಲ್ಲೆಯ ಎಷ್ಟೋ ಕೆರೆ ಕೋಡಿ ಹರಿದವು. ಆ ವರ್ಷದ ಮಳೆ ಹಾಕಿದಾಗ ನಿಮ್ಮ ಹಾಳೆಯಲ್ಲಿ ಕೋಡಿ ಬೀಳದಿದ್ದರೆ ಏನೋ ತಪ್ಪಿದೆ. ಆಗ ಕರ್ವ್ ನಂಬರ್ ತಿದ್ದುವ ಮೊದಲು ಗಡಿ ನೋಡಿ, ಆಮೇಲೆ ಮಳೆಮಾಪಕ ನೋಡಿ, ಆಮೇಲೆ ಮೇಲಿನ ಕೆರೆಗಳ ಸಾಮರ್ಥ್ಯ ನೋಡಿ. ಅಂಕವನ್ನು ಬೇಕಾದ ಹಾಗೆ ಎಳೆದಾಡಿ ಉತ್ತರ ಹೊಂದಿಸುವುದು ಬಹಳ ಸುಲಭ, ಅದಕ್ಕೇ ಅದು ಕೊನೆಗೆ.

ಕೊನೆಗೂ ಒಂದೇ ಅಂಕಿ ಹೇಳಬೇಡಿ. 60 ಮಿ.ಮೀ. ಮಳೆಗೆ ಕರ್ವ್ ನಂಬರ್ 75 ಆದರೆ 10 ಮಿ.ಮೀ., 80 ಆದರೆ 16, 85 ಆದರೆ 24. ಐದು ಅಂಕ ಆಚೀಚೆ ಆದರೆ ಇಷ್ಟು. ಕಡಿಮೆ, ನಡು, ಹೆಚ್ಚು ಎಂದು ಮೂರು ಸಲ ಓಡಿಸಿ ಮೂರನ್ನೂ ಕೊಡಿ.

ಈ ಲೆಕ್ಕದಿಂದ ಏನು ಕೇಳಬೇಕು

ಈ ಮಾದರಿ ನಿಜವಾಗಿ ಗಟ್ಟಿಯಾಗಿರುವುದು ಹೋಲಿಕೆಯಲ್ಲಿ. 'ಎಷ್ಟು' ಎಂದು ಕೇಳಿದರೆ ತಡವರಿಸುತ್ತದೆ, 'ಇದು ಬದಲಾದರೆ ಏನಾಗುತ್ತದೆ' ಎಂದರೆ ಚೆನ್ನಾಗಿ ಉತ್ತರಿಸುತ್ತದೆ. ಮುಚ್ಚಿದ ಪೋಷಕ ಕಾಲುವೆ ಬಿಡಿಸಿದರೆ ಎಷ್ಟು ನೀರು ಹೆಚ್ಚುತ್ತದೆ? ಹೂಳೆತ್ತಿ ಸಾಮರ್ಥ್ಯ ಹೆಚ್ಚಿಸಿದರೆ ಎಷ್ಟು ವರ್ಷದಲ್ಲಿ ಅದು ತುಂಬುತ್ತದೆ? ಸಾಮರ್ಥ್ಯದ ಒಂದು ಅಂಕಿ ಬದಲಿಸಿ ನೋಡಿ. ಕೋಡಿ ಕಾಲಂ ಮೊದಲೇ ಸೊನ್ನೆ ಇದ್ದರೆ ಹೂಳೆತ್ತಿದ್ದರಿಂದ ನೀರಿನ ಮಟ್ಟಿಗೆ ಲಾಭ ಕಡಿಮೆ, ಹಣವನ್ನು ಕಾಲುವೆಗೆ ಹಾಕುವುದು ಲೇಸು. ಮೇಲಿನ ಹೊಲಗಳಿಗೆಲ್ಲ ಬದು ಹಾಕಿದರೆ? ಅಂಕ 90ರಿಂದ 76ಕ್ಕೆ ಇಳಿದು 60 ಮಿ.ಮೀ. ಮಳೆಯ ಹರಿವು 33ರಿಂದ 11 ಮಿ.ಮೀ.ಗೆ ಬರುತ್ತದೆ. ಕೆರೆಗೆ ನೀರು ಕಡಿಮೆ, ಮೇಲಿನ ರೈತರ ಹೊಲಕ್ಕೆ ತೇವ ಜಾಸ್ತಿ. ಯಾವುದು ಸರಿ ಎಂದು ಸಾಫ್ಟ್‌ವೇರ್ ತೀರ್ಮಾನಿಸುವುದಿಲ್ಲ. ಮೇಲಿನ ಊರು, ಕೆಳಗಿನ ಊರು ಕೂತು ಮಾತಾಡಬೇಕು. ಮಾತಾಡುವಾಗ ಅಂಕಿ ಕೈಯಲ್ಲಿದ್ದರೆ ಜಗಳ ಕಡಿಮೆಯಾಗುತ್ತದೆ.

ಇದೆಲ್ಲ ಕೈವಶವಾದ ಮೇಲೆ ಕ್ಯೂಸ್ವ್ಯಾಟ್, ಹೆಕ್-ಎಚ್‌ಎಂಎಸ್‌ನಂಥ ದೊಡ್ಡ ಮಾದರಿಗಳಿಗೆ ಹೋಗಬಹುದು. ಅವು ಬೆಳೆ, ಅಂತರ್ಜಲ, ಪ್ರವಾಹದ ಏರಿಳಿತ ಎಲ್ಲವನ್ನೂ ಕೇಳುತ್ತವೆ. ಒಂದು ಊರ ಕೆರೆಗೆ ಅಷ್ಟು ಬೇಕಾಗುವುದು ಅಪರೂಪ.

ಗ್ರಾಮಸಭೆಗೆ ಒಯ್ಯುವ ನಕ್ಷೆಯನ್ನು ಎ3 ಹಾಳೆಯಲ್ಲಿ ಮುದ್ರಿಸಿ. ಜಲಾನಯನದ ಗಡಿ, ಮೇಲಿನ ಕೆರೆಗಳು, ಪೋಷಕ ಕಾಲುವೆ, ಅದು ಮುಚ್ಚಿಹೋದ ಜಾಗದ ಸರ್ವೆ ನಂಬರ್, ಮೂರು ಅಂದಾಜು ಅಂಕಿ, ಬಳಸಿದ ಮಳೆಮಾಪಕದ ಊರು ಮತ್ತು ವರ್ಷ, ಇಷ್ಟು ಕನ್ನಡದಲ್ಲೇ ಇರಲಿ. ಕ್ಯೂಜಿಐಎಸ್‌ನ ಪ್ರಿಂಟ್ ಲೇಔಟ್‌ನಲ್ಲಿ ಕನ್ನಡ ಅಕ್ಷರ ಒಡೆದು ಬಂದರೆ ಫಾಂಟನ್ನು ನೋಟೊ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿ. ಪ್ರಾಜೆಕ್ಟ್ ಫೈಲನ್ನೂ ಲೆಕ್ಕದ ಹಾಳೆಯನ್ನೂ ಪಂಚಾಯಿತಿ ಕಚೇರಿಯಲ್ಲಿ ಒಂದು ಪ್ರತಿ, ಊರಿನ ಶಾಲೆಯಲ್ಲಿ ಒಂದು ಪ್ರತಿ ಇಡಿ. ಮುಂದಿನ ವರ್ಷದ ಮಳೆಯನ್ನು ಅದೇ ಹಾಳೆಗೆ ಸೇರಿಸಲು ಎಂಟನೇ ಕ್ಲಾಸಿನ ಮಕ್ಕಳಿಗೂ ಬರುತ್ತದೆ.